ಯಂತ್ರದಲ್ಲಿ ಬಾಳಬೇಕು, ಮಣ್ಣಿನಲ್ಲಿ ಅಳಿಯಬೇಕು

(ಮಾತನಾಡುವವರು ಇಬ್ಬರು. ಒಬ್ಬ, ಅರಸೀಕೆರೆ ಸೀಮೆಯಲ್ಲಿ ಹೊಂಗೆ, ಬೇವು, ಹರಳು ಹಿಂಡುವ ಸಣ್ಣ ಗಾಣದ ಮಾಲೀಕ. ಸಕಲೇಶಪುರದ ಕಾಫಿ ತೋಟಗಳಲ್ಲಿ ನೆರಳಿನ ಮರಗಳ ಕೊಂಬೆ ಸವರುವ ಮರಗಸಿ ಕೆಲಸಕ್ಕೆ ಬಳಸುವ ಚೈನ್ ಸಾ ಯಂತ್ರಗಳಿಗೆ ಹೊಂಗೆಯಿಂದ ಚೈನ್ ಆಯಿಲ್ ತಯಾರಿಸಿ ಮಾರುವ ಯೋಚನೆಯಲ್ಲಿದ್ದಾನೆ. ಇನ್ನೊಬ್ಬರು, ಹಾಸನದ ಕಾಲೇಜಿನಲ್ಲಿ ಅವನಿಗೆ ರಸಾಯನಶಾಸ್ತ್ರ ಹೇಳಿಕೊಟ್ಟು ಈಗ ನಿವೃತ್ತರಾಗಿರುವ ಅಧ್ಯಾಪಕಿ.)

ಗಾಣದವ: ಮೇಡಂ, ನನ್ನ ಎಣ್ಣೆಯಿಂದ ಎರಡು ಕೆಲಸ ಆಗಬೇಕು. ಮಿಷನ್ನಿನಲ್ಲಿ ಇರುವಷ್ಟು ದಿನ ಕೆಡಬಾರದು. ಮಣ್ಣಿಗೆ ಬಿದ್ದ ಮೇಲೆ ಬೇಗ ಕೊಳೆಯಬೇಕು. ಒಂದನ್ನು ಹಿಡಿದರೆ ಇನ್ನೊಂದು ಕೈಬಿಡುತ್ತೆ ಅನ್ನಿಸ್ತಿದೆ. ಒಂದೇ ಎಣ್ಣೆಗೆ ಎರಡು ಗುಣ ಹೇಗೆ ಬರುತ್ತೆ?

ಅಧ್ಯಾಪಕಿ: ಎರಡೂ ಒಂದೇ ಕ್ರಿಯೆ ಅಂತ ಭಾವಿಸಿದ್ದರಿಂದ ಹಾಗನ್ನಿಸುತ್ತಿದೆ. ಯಂತ್ರದೊಳಗೆ ಎಣ್ಣೆಯನ್ನು ಕೆಡಿಸುವುದು ಬಿಸಿ, ಗಾಳಿಯ ಆಮ್ಲಜನಕ, ತಾಮ್ರ, ಕಬ್ಬಿಣ. ಮಣ್ಣಿನಲ್ಲಿ ಅದನ್ನು ತಿನ್ನುವುದು ಬ್ಯಾಕ್ಟೀರಿಯಾ, ಶಿಲೀಂಧ್ರ. ಎರಡೂ ಕಡೆಯವರು ಅಣುವಿನ ಬೇರೆ ಬೇರೆ ಜಾಗಕ್ಕೆ ಕೈಹಾಕುತ್ತಾರೆ. ಒಂದು ಮನೆಗೆ ಎರಡು ಬಾಗಿಲಿದ್ದ ಹಾಗೆ. ಮುಂಬಾಗಿಲನ್ನು ಭದ್ರ ಮಾಡಿ ಹಿಂಬಾಗಿಲನ್ನು ತೆರೆದಿಡಬಹುದು. ಆದರೆ ಯಾವುದು ಮುಚ್ಚಿದೆ, ಯಾವುದು ತೆರೆದಿದೆ ಅನ್ನುವುದು ಪರೀಕ್ಷೆ ಮಾಡಿದರೆ ಮಾತ್ರ ಗೊತ್ತಾಗುತ್ತದೆ.

ಗಾಣದವ: ಗಿಡದ ಎಣ್ಣೆ ಅಂದಮೇಲೆ ಕೊಳೆಯುತ್ತೆ ಅನ್ನೋದಕ್ಕೂ ಪರೀಕ್ಷೆ ಬೇಕಾ? ಬೀಜ ಕೊಳೆಯುತ್ತೆ, ಹಿಂಡಿ ಕೊಳೆಯುತ್ತೆ.

ಅಧ್ಯಾಪಕಿ: ನೀನು ಮಾರುವುದು ಗಾಣದಿಂದ ಇಳಿದ ಬರೀ ಎಣ್ಣೆಯಲ್ಲವಲ್ಲಪ್ಪ. ಚೈನು ತಿರುಗುವ ರಭಸಕ್ಕೆ ಎಣ್ಣೆ ಸಿಡಿದು ಹೋಗದಿರಲಿ ಅಂತ ಅಂಟು ಕೊಡುವ ಪಾಲಿಮರ್ ಬೆರೆಸುತ್ತೀಯ. ಕಮಟು ಹಿಡಿಯದಿರಲಿ ಅಂತ ಆಂಟಿಆಕ್ಸಿಡೆಂಟ್ ಹಾಕುತ್ತೀಯ. ಸವೆತ ತಡೆಯಲು ಇನ್ನೇನೋ ಸೇರುತ್ತದೆ. ಮಣ್ಣಿಗೆ ಬೀಳುವುದು ಆ ಮಿಶ್ರಣ. ಅದರ ಪರವಾಗಿ ಹೊಂಗೆ ಮರ ಸಾಕ್ಷಿ ಹೇಳುವುದಿಲ್ಲ.

ಗಾಣದವ: ಒಪ್ಪಿದೆ. ಆದರೂ ಈಗ ನಡೀತಿರೋದಕ್ಕಿಂತ ಇದು ಎಷ್ಟೋ ಮೇಲು. ಎಂಜಿನ್ ಆಯಿಲ್ ಒಳಗೊಳಗೇ ಸುತ್ತುತ್ತೆ, ಬದಲಾಯಿಸುವಾಗ ಹಿಡಿದಿಡಬಹುದು. ಚೈನ್ ಆಯಿಲ್ ಹಾಗಲ್ಲ. ಚೈನು ಓಡುವ ಬಾರ್ ಮೇಲೆ ಒಂದು ಸುತ್ತು ಹಾಕಿ ಮರದ ಹೊಟ್ಟಿನ ಜೊತೆ ನೆಲಕ್ಕೆ ಹೋಗುತ್ತೆ. ಟ್ಯಾಂಕಿಗೆ ಹಾಕಿದ್ದೆಲ್ಲಾ ತೋಟಕ್ಕೇ. ಅದಕ್ಕೆ ಎಷ್ಟೋ ಜನ ಗ್ಯಾರೇಜಿನ ವೇಸ್ಟ್ ಆಯಿಲ್ ಸುರೀತಾರೆ, ಅಗ್ಗ ಅಂತ.

ಅಧ್ಯಾಪಕಿ: ನೀನು ಆರಿಸಿಕೊಂಡ ಕೆಲಸ ಸರಿಯಾದದ್ದು ಅನ್ನುವುದಕ್ಕೆ ಅದೇ ಕಾರಣ. ಎಂಜಿನ್ನಿನಲ್ಲಿ ಬಳಸಿ ತೆಗೆದ ಎಣ್ಣೆಯಲ್ಲಿ ಸವೆದ ಲೋಹದ ಕಣಗಳಿರುತ್ತವೆ, ಅರ್ಧಂಬರ್ಧ ಉರಿದ ಇಂಧನದಿಂದ ಬಂದ ಬಹುವಲಯ ಹೈಡ್ರೋಕಾರ್ಬನ್‌ಗಳಿರುತ್ತವೆ. ಅವುಗಳಲ್ಲಿ ಕೆಲವು ಕ್ಯಾನ್ಸರ್‌ಕಾರಕ. ಕೊಯ್ಯುವವನ ಕೈಗೆ, ಮುಖಕ್ಕೆ ಸಿಡಿಯುವುದೂ ಅದೇ. ಹೀಗೆ ಪೂರ್ತಿ ನೆಲಕ್ಕೆ ಹೋಗುವ ಎಣ್ಣೆಗಳಿಗೆ ಯುರೋಪಿನಲ್ಲಿ ಮೊದಲು ನಿಯಮ ಬಂದದ್ದು ಸಹಜ. ಆಸ್ಟ್ರಿಯಾ 1990ರ ದಶಕದಲ್ಲೇ ಚೈನ್ ಸಾಗಳಿಗೆ ಖನಿಜ ತೈಲ ಬಳಸುವುದನ್ನು ನಿಲ್ಲಿಸಿತು. ಐರೋಪ್ಯ ಒಕ್ಕೂಟ 2005ರಲ್ಲಿ ಲೂಬ್ರಿಕೆಂಟ್‌ಗಳಿಗೆ ಪರಿಸರ ಮುದ್ರೆಯ ಮಾನದಂಡ ತಂದಿತು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2013ರ ಹಡಗು ಪರವಾನಗಿಯಲ್ಲಿ ಸಮುದ್ರದ ನೀರಿಗೆ ತಾಗುವ ಜಾಗಗಳಲ್ಲಿ ಬಳಸುವ ಎಣ್ಣೆಗೆ ಮೂರು ಷರತ್ತು ಹಾಕಿತು: ಜೈವಿಕವಾಗಿ ಕೊಳೆಯಬೇಕು, ಜಲಚರಗಳಿಗೆ ವಿಷವಾಗಬಾರದು, ಜೀವಿಗಳ ದೇಹದಲ್ಲಿ ಶೇಖರವಾಗಬಾರದು. ಗಿಡದಿಂದ ಬಂದಿರಬೇಕು ಅನ್ನುವುದು ಆ ಮೂರರಲ್ಲಿ ಇಲ್ಲ ನೋಡು.

ಗಾಣದವ: ಸರಿ, ಮೊದಲು ಮಿಷನ್ನಿನ ಕಡೆ ಹೇಳಿ. ನನಗೆ ದೂರು ಬಂದಿರೋದು ಅಲ್ಲೇ. ಮಳೆಗಾಲ ಪೂರ್ತಿ ಮೂಲೆಯಲ್ಲಿಟ್ಟಿದ್ದ ಮಿಷನ್ ಹೊರಗೆ ತೆಗೆದರೆ ಚೈನು ಬಾರ್‌ಗೆ ಅಂಟಿಕೊಂಡಿರುತ್ತೆ. ಆಯಿಲ್ ಪಂಪೂ ಕಟ್ಟಿಕೊಂಡಿರುತ್ತೆ.

ಅಧ್ಯಾಪಕಿ: ಎಣ್ಣೆಯ ಅಣುವನ್ನು ನೆನಪು ಮಾಡಿಕೊ. ಒಂದು ಗ್ಲಿಸರಾಲ್, ಅದಕ್ಕೆ ಎಸ್ಟರ್ ಬಂಧದಿಂದ ಸೇರಿಕೊಂಡ ಮೂರು ಉದ್ದನೆಯ ಕೊಬ್ಬಿನ ಆಮ್ಲಗಳು. ಆ ಆಮ್ಲಗಳಲ್ಲಿ ಓಲಿಯಿಕ್‌ಗೆ ಒಂದು ದ್ವಿಬಂಧ, ಲಿನೋಲಿಯಿಕ್‌ಗೆ ಎರಡು, ಲಿನೋಲೆನಿಕ್‌ಗೆ ಮೂರು. ದ್ವಿಬಂಧದ ಪಕ್ಕದ ಕಾರ್ಬನ್ನಿನ ಮೇಲಿರುವ ಹೈಡ್ರೋಜನ್ ಸಡಿಲ. ಎರಡು ದ್ವಿಬಂಧಗಳ ನಡುವೆ ಸಿಕ್ಕಿಕೊಂಡ ಹೈಡ್ರೋಜನ್ ಇನ್ನೂ ಸಡಿಲ. ಅದು ಕಿತ್ತು ಬಂದ ಜಾಗಕ್ಕೆ ಆಮ್ಲಜನಕ ಬಂದು ಕೂರುತ್ತದೆ. ಹೀಗೆ ಹುಟ್ಟಿದ ಪೆರಾಕ್ಸಿ ರ್‍ಯಾಡಿಕಲ್ ಪಕ್ಕದ ಅಣುವಿನಿಂದ ಹೈಡ್ರೋಜನ್ ಕೀಳುತ್ತದೆ, ಅದು ಇನ್ನೊಂದರಿಂದ. ತಾಮ್ರವೋ ಕಬ್ಬಿಣವೋ ಜೊತೆಗಿದ್ದರೆ ಇನ್ನೂ ಚುರುಕು. ಓಲಿಯಿಕ್ ಆಮ್ಲ ಉತ್ಕರ್ಷಣಗೊಳ್ಳುವ ವೇಗವನ್ನು 1 ಅಂತಿಟ್ಟುಕೊಂಡರೆ ಲಿನೋಲಿಯಿಕ್‌ದು ಸುಮಾರು 10, ಲಿನೋಲೆನಿಕ್‌ದು ಸುಮಾರು 20. ಕೊನೆಗೆ ಕೆಲವು ಅಣುಗಳು ತುಂಡಾಗಿ ಕಮಟು ವಾಸನೆಯ ಆಲ್ಡಿಹೈಡ್, ಆಮ್ಲಗಳಾಗುತ್ತವೆ. ಉಳಿದವು ಒಂದಕ್ಕೊಂದು ಹೆಣೆದುಕೊಂಡು ಗೋಂದಾಗುತ್ತವೆ. ಅಗಸೆ ಎಣ್ಣೆಯಲ್ಲಿ ಲಿನೋಲೆನಿಕ್ ಹೆಚ್ಚು ಇರುವುದರಿಂದಲೇ ಬಡಗಿಗಳು, ಚಿತ್ರಕಾರರು ಅದನ್ನು ಬಳಿದು ಒಣಗಲು ಬಿಡುತ್ತಿದ್ದದ್ದು. ಮರಗೆಲಸಕ್ಕೆ ಬೇಕಾದ ಆ ಗುಣವೇ ನಿನ್ನ ಚೈನಿಗೆ ಬೇಡವಾದದ್ದು.

ಗಾಣದವ: ಹೊಂಗೆಯಲ್ಲಿ ಲೆಕ್ಕ ಹೇಗಿದೆ?

ಅಧ್ಯಾಪಕಿ: ಹೊಂಗೆಯಲ್ಲಿ ಓಲಿಯಿಕ್ ಆಮ್ಲವೇ ದೊಡ್ಡ ಪಾಲು, ಸುಮಾರು ಅರ್ಧ ಅಥವಾ ಅದಕ್ಕೂ ಹೆಚ್ಚು. ಅಗಸೆಯ ಪಕ್ಕದಲ್ಲಿಟ್ಟರೆ ಎಷ್ಟೋ ಸ್ಥಿರ. ಆದರೂ ಲಿನೋಲಿಯಿಕ್ ಸಾಕಷ್ಟಿದೆ. ಅದರಿಂದಲೇ ನಿನಗೆ ಗೋಂದಿನ ದೂರು.

ಗಾಣದವ: ಹಾಗಾದ್ರೆ ಕೊಬ್ಬರಿ ಎಣ್ಣೆ ಹಾಕಿಬಿಡೋಣ. ಅದರಲ್ಲಿ ದ್ವಿಬಂಧ ಇಲ್ಲವೇ ಇಲ್ಲ ಅನ್ನೋ ಅಷ್ಟು ಕಡಿಮೆ.

ಅಧ್ಯಾಪಕಿ: ಹಾಕು. ಡಿಸೆಂಬರ್ ತಿಂಗಳ ಬೆಳಿಗ್ಗೆ ಸಕಲೇಶಪುರದಲ್ಲಿ ಪಂಪಿನೊಳಗೆ ಅದು ಗಟ್ಟಿಯಾಗಿ ಕೂತಿರುತ್ತದೆ. 24 ಡಿಗ್ರಿ ಸುತ್ತಮುತ್ತಲೇ ಅದು ಹೆಪ್ಪುಗಟ್ಟುತ್ತದಲ್ಲ. ದ್ವಿಬಂಧ ಸರಪಳಿಯನ್ನು ಬಾಗಿಸುತ್ತದೆ, ಬಾಗಿದ ಸರಪಳಿಗಳು ಒತ್ತಾಗಿ ಜೋಡಿಕೊಳ್ಳಲಾರವು, ಅದರಿಂದ ಎಣ್ಣೆ ಚಳಿಯಲ್ಲೂ ಹರಿಯುತ್ತದೆ. ದ್ವಿಬಂಧ ಪೂರ್ತಿ ಇಲ್ಲದಿದ್ದರೆ ಚಳಿಗೆ ಸೋಲು, ಹೆಚ್ಚಿದ್ದರೆ ಗಾಳಿಗೆ ಸೋಲು. ಒಂದೇ ಒಂದು ಇರುವ ಓಲಿಯಿಕ್ ಹದವಾದದ್ದು. ಸೋವಿಯತ್ ತಳಿ ವಿಜ್ಞಾನಿ ಸೊಲ್ಡಾಟೊವ್ 1976ರಲ್ಲಿ ‘ಪೆರ್ವೆನೆಟ್ಸ್’ ಅನ್ನುವ ಹೆಚ್ಚು ಓಲಿಯಿಕ್ ಇರುವ ಸೂರ್ಯಕಾಂತಿ ತಳಿ ಕೊಟ್ಟರು. ಲೂಬ್ರಿಕೆಂಟ್ ತಯಾರಕರಿಗೆ ಅದು ದೊಡ್ಡ ವರ. ಸೂರ್ಯಕಾಂತಿ ಬೆಳೆಯುವ ನಮ್ಮ ಉತ್ತರ ಕರ್ನಾಟಕದ ಹೊಲಗಳಿಗೂ ಅಂಥ ತಳಿಗಳ ಬಗ್ಗೆ ಯೋಚಿಸಬಹುದು.

ಗಾಣದವ: ಈಗ ಪರೀಕ್ಷೆಗೆ ಬನ್ನಿ. ಪೆರಾಕ್ಸೈಡ್ ಮೌಲ್ಯ ನಾನೇ ನೋಡ್ತೀನಿ. ಅಯೋಡಿನ್ ಟೈಟ್ರೇಷನ್ ನೀವೇ ಕಲಿಸಿದ್ದು. ಒಂದು ಹಳೆಯ ಡಬ್ಬಿಯಲ್ಲಿ ಹೊಸದಕ್ಕಿಂತ ಕಡಿಮೆ ಬಂತು. ಖುಷಿಪಟ್ಟೆ.

ಅಧ್ಯಾಪಕಿ: ಖುಷಿಪಡುವ ವಿಷಯವಲ್ಲ ಅದು. ಪೆರಾಕ್ಸೈಡ್ ನಡುದಾರಿಯ ವಸ್ತು. ಮೊದಲು ಏರುತ್ತದೆ, ಆಮೇಲೆ ಒಡೆದು ಆಲ್ಡಿಹೈಡ್, ಆಮ್ಲ ಆಗುತ್ತಾ ಇಳಿಯುತ್ತದೆ. ಇಳಿದದ್ದನ್ನು ಮಾತ್ರ ನೋಡಿದವನಿಗೆ ಕೆಟ್ಟ ಎಣ್ಣೆಯೂ ಒಳ್ಳೆಯದಾಗಿಯೇ ಕಾಣುತ್ತದೆ. ಜೊತೆಗೆ ಆಮ್ಲ ಮೌಲ್ಯ, ಸ್ನಿಗ್ಧತೆ ಎರಡನ್ನೂ ಅಳೆಯಬೇಕು. ಪೆರಾಕ್ಸೈಡ್ ಇಳಿದು ಅವೆರಡೂ ಏರಿದ್ದರೆ ಎಣ್ಣೆಯ ಕಥೆ ಮುಗಿದಿದೆ.

ಗಾಣದವ: ದೊಡ್ಡ ಲ್ಯಾಬಿನಲ್ಲಿ ಏನು ಮಾಡ್ತಾರೆ?

ಅಧ್ಯಾಪಕಿ: ಕಾಲವನ್ನು ಅವಸರಪಡಿಸುತ್ತಾರೆ. ಎರಡು ಪರೀಕ್ಷೆ ತಿಳಿದುಕೊ. ಒಂದು ರ್‍ಯಾನ್ಸಿಮ್ಯಾಟ್. ಮೂರು ಗ್ರಾಂ ಎಣ್ಣೆಯನ್ನು 110 ಡಿಗ್ರಿಗೆ ಬಿಸಿ ಮಾಡಿ ಅದರೊಳಗೆ ಗಂಟೆಗೆ 10 ಲೀಟರ್ ಗಾಳಿ ಹಾಯಿಸುತ್ತಾರೆ. ಎಣ್ಣೆ ಒಡೆಯತೊಡಗಿದಾಗ ಆವಿಯಾಗುವ ಸಣ್ಣ ಆಮ್ಲಗಳು ಗಾಳಿಯ ಜೊತೆ ಬಂದು ಪಕ್ಕದ ಶುದ್ಧ ನೀರಿಗೆ ಸೇರುತ್ತವೆ. ಆ ನೀರಿನ ವಿದ್ಯುತ್ ವಾಹಕತೆ ಎಷ್ಟು ಗಂಟೆಗೆ ದಿಢೀರನೆ ಏರಿತು ಅನ್ನುವುದೇ ಉತ್ತರ. ಇನ್ನೊಂದು ಎ.ಎಸ್.ಟಿ.ಎಂ. ಡಿ 2272, ತಿರುಗುವ ಒತ್ತಡ ಪಾತ್ರೆಯ ಪರೀಕ್ಷೆ. 50 ಗ್ರಾಂ ಎಣ್ಣೆ, 5 ಮಿಲಿಲೀಟರ್ ನೀರು, ಒಂದು ತಾಮ್ರದ ತಂತಿಯ ಸುರುಳಿ. ಪಾತ್ರೆಗೆ 90 ಪಿ.ಎಸ್.ಐ. ಒತ್ತಡದಲ್ಲಿ ಆಮ್ಲಜನಕ ತುಂಬಿ, ಮುಚ್ಚಿ, 150 ಡಿಗ್ರಿ ಶಾಖದಲ್ಲಿ ನಿಮಿಷಕ್ಕೆ 100 ಸುತ್ತು ತಿರುಗಿಸುತ್ತಾರೆ. ಎಣ್ಣೆ ಆಮ್ಲಜನಕವನ್ನು ಹೀರಿಕೊಂಡಂತೆ ಒತ್ತಡ ಇಳಿಯುತ್ತದೆ. 25.4 ಪಿ.ಎಸ್.ಐ. ಇಳಿಯಲು ಎಷ್ಟು ನಿಮಿಷ ಹಿಡಿಯಿತು ಅನ್ನುವುದು ಫಲಿತಾಂಶ. ಏನೂ ಬೆರೆಸದ ಸಸ್ಯದ ಎಣ್ಣೆ ಸಾಮಾನ್ಯವಾಗಿ ಹತ್ತಿಪ್ಪತ್ತು ನಿಮಿಷಕ್ಕೆ ಕೈಚೆಲ್ಲುತ್ತದೆ. ಟರ್ಬೈನಿಗೆ ಹಾಕುವ ಒಳ್ಳೆಯ ಖನಿಜ ತೈಲ ನೂರಾರು ನಿಮಿಷ ನಿಲ್ಲುತ್ತದೆ. ಕೆಲವು ಸಾವಿರ ದಾಟುತ್ತವೆ.

ಗಾಣದವ: ಅಷ್ಟು ಅಂತರ ಇದ್ದರೆ ನಾನು ಅಂಗಡಿ ಮುಚ್ಚಬೇಕಷ್ಟೇ.

ಅಧ್ಯಾಪಕಿ: ಟರ್ಬೈನಿನಲ್ಲಿ ಎಣ್ಣೆ ವರ್ಷಗಟ್ಟಲೆ ಸುತ್ತುತ್ತದೆ, ನಿನ್ನದು ಬಾರ್ ಮೇಲೆ ಒಂದೇ ಸಲ ಹಾಯುತ್ತದೆ. ಪರೀಕ್ಷೆಯ ಅಂಕಿಯನ್ನು ಕೆಲಸದ ಪಕ್ಕದಲ್ಲಿಟ್ಟು ಓದಬೇಕು. ನಿನ್ನ ಎಣ್ಣೆಗೆ ನಿಜವಾದ ಕಷ್ಟ ಮೂಲೆಯಲ್ಲಿ ಕೂತ ತಿಂಗಳುಗಳಲ್ಲಿ, ಲೋಹದ ಮೇಲೆ ತೆಳು ಪೊರೆಯಾಗಿ ಗಾಳಿಗೆ ತೆರೆದುಕೊಂಡಾಗ. 150 ಡಿಗ್ರಿಯಲ್ಲಿ ನಡೆಯುವ ರಸಾಯನಕ್ರಿಯೆ 30 ಡಿಗ್ರಿಯಲ್ಲಿ ನಡೆಯುವುದಕ್ಕೆ ಪೂರ್ತಿ ಸಮ ಅಲ್ಲ. ಆದ್ದರಿಂದ ನೀನೂ ಒಂದು ಪರೀಕ್ಷೆ ಮಾಡು. ಉಕ್ಕಿನ ತಗಡಿನ ಮೇಲೆ ಎಣ್ಣೆಯ ತೆಳು ಪದರ ಬಳಿದು ಬೆಚ್ಚಗಿನ ಜಾಗದಲ್ಲಿ ವಾರಗಟ್ಟಲೆ ಇಡು. ಪಕ್ಕದಲ್ಲಿ ಮಾರುಕಟ್ಟೆಯ ಚೈನ್ ಆಯಿಲ್ ಬಳಿದ ಇನ್ನೊಂದು ತಗಡು ಇರಲಿ. ವಾರಕ್ಕೊಮ್ಮೆ ಬೆರಳಿಟ್ಟು ನೋಡಿ ಬರೆದಿಡು. ಇದಕ್ಕೆ ಮುದ್ರೆ, ಪ್ರಮಾಣಪತ್ರ ಸಿಗುವುದಿಲ್ಲ. ಆದರೆ ನಿನಗೆ ಬಂದ ದೂರಿಗೆ ನೇರ ಉತ್ತರ ಸಿಗುತ್ತದೆ.

ಗಾಣದವ: ಆಂಟಿಆಕ್ಸಿಡೆಂಟ್ ಹಾಕಿದ ಮೇಲೆ ಯಾವ ಲ್ಯಾಬಿಗೆ ಕೊಟ್ಟರೂ ಒಂದೇ ಫಲಿತಾಂಶ ಬರಬೇಕಲ್ಲ?

ಅಧ್ಯಾಪಕಿ: ಇಲ್ಲ. ಬಿ.ಎಚ್.ಟಿ. ಅನ್ನುವ ಸಾಮಾನ್ಯ ಆಂಟಿಆಕ್ಸಿಡೆಂಟ್ ಬಿಸಿಯಲ್ಲಿ ಆವಿಯಾಗುತ್ತದೆ. ರ್‍ಯಾನ್ಸಿಮ್ಯಾಟ್‌ನಲ್ಲಿ ಹಾಯುವ ಗಾಳಿ ಅದನ್ನು ಹೊತ್ತುಕೊಂಡು ಹೋಗುತ್ತದೆ, ಮುಚ್ಚಿದ ಒತ್ತಡ ಪಾತ್ರೆಯಲ್ಲಿ ಅದು ಒಳಗೇ ಉಳಿಯುತ್ತದೆ. ಹಾಗಾಗಿ ಒಂದರಲ್ಲಿ ಸೋತ ಎಣ್ಣೆ ಇನ್ನೊಂದರಲ್ಲಿ ಗೆಲ್ಲಬಹುದು. ಯಾವ ಪರೀಕ್ಷೆ ಅನ್ನುವುದನ್ನು ಬಿಟ್ಟು ಬರೀ ಅಂಕಿ ಹೇಳುವವರನ್ನು ನಂಬಬೇಡ. ನೀನೂ ಹಾಗೆ ಹೇಳಬೇಡ.

ಗಾಣದವ: ನೀರಿನ ವಿಷಯ ಬಿಟ್ಟಿರಿ. ನಮ್ಮ ಕಡೆ ಮಳೆಗಾಲ ಅಂದರೆ ಗೋಡೆಯೂ ಬೆವರುತ್ತೆ.

ಅಧ್ಯಾಪಕಿ: ಅದು ಮುಖ್ಯವಾದ ಮಾತು. ಎಸ್ಟರ್ ಬಂಧವನ್ನು ನೀರು ಸೀಳುತ್ತದೆ. ಸೀಳಿದರೆ ಕೊಬ್ಬಿನ ಆಮ್ಲ ಬಿಡುಗಡೆಯಾಗಿ ತಾಮ್ರ, ಹಿತ್ತಾಳೆಯ ಭಾಗಗಳನ್ನು ತಿನ್ನುತ್ತದೆ. ಇದನ್ನು ನೋಡಲು ಸೋಡಾ ಬಾಟಲಿಯ ಪರೀಕ್ಷೆ ಇದೆ, ಎ.ಎಸ್.ಟಿ.ಎಂ. ಡಿ 2619. 75 ಗ್ರಾಂ ಎಣ್ಣೆ, 25 ಗ್ರಾಂ ನೀರು, ಒಂದು ತಾಮ್ರದ ಪಟ್ಟಿ. ಬಿಗಿಯಾಗಿ ಮುಚ್ಚಿ 93 ಡಿಗ್ರಿಯಲ್ಲಿ 48 ಗಂಟೆ ಉರುಳಿಸುತ್ತಾರೆ. ಆಮೇಲೆ ಆಮ್ಲ ಎಷ್ಟು ಏರಿತು, ತಾಮ್ರದ ತೂಕ ಎಷ್ಟು ಇಳಿಯಿತು ನೋಡುತ್ತಾರೆ. ನಿನ್ನ ಗಾಣದಲ್ಲಿ ಈ ಸಮಸ್ಯೆ ಇನ್ನೂ ಮೊದಲೇ ಶುರುವಾಗುತ್ತದೆ. ಹೊಂಗೆ ಬೀಜ ತೇವದಲ್ಲಿ ಕೂತರೆ ಬೀಜದೊಳಗಿನ ಮತ್ತು ಬೂಷ್ಟಿನ ಲೈಪೇಸ್ ಕಿಣ್ವಗಳು ಹಿಂಡುವ ಮೊದಲೇ ಎಣ್ಣೆಯನ್ನು ಸೀಳಿಬಿಡುತ್ತವೆ. ಆಮ್ಲ ಮೌಲ್ಯ ಹೆಚ್ಚಿರುವ ಎಣ್ಣೆಗೆ ಎಂಥ ಆಂಟಿಆಕ್ಸಿಡೆಂಟ್ ಹಾಕಿದರೂ ಪ್ರಯೋಜನ ಕಡಿಮೆ. ಬೀಜ ಒಣಗಿಸುವ ಕಣದಲ್ಲೇ ನಿನ್ನ ಸ್ಥಿರತೆ ಅರ್ಧ ತೀರ್ಮಾನವಾಗುತ್ತದೆ.

ಗಾಣದವ: ಇನ್ನು ಹಿಂಬಾಗಿಲು. ಮಣ್ಣಿನಲ್ಲಿ ಕೊಳೆಯೋದನ್ನು ಅಳೆಯೋದು ಹೇಗೆ? ಹೂತಿಟ್ಟು ಆಮೇಲೆ ಅಗೆದು ನೋಡೋದಾ?

ಅಧ್ಯಾಪಕಿ: ಮೊದಮೊದಲು ಹೆಚ್ಚುಕಡಿಮೆ ಆ ಯೋಚನೆಯೇ. ಎಷ್ಟು ಹಾಕಿದೆವು, ಎಷ್ಟು ಉಳಿಯಿತು. ದೋಣಿಗಳ ಎರಡು ಸ್ಟ್ರೋಕಿನ ಎಂಜಿನ್ ಎಣ್ಣೆ ಸರೋವರಗಳಿಗೆ ಸೇರುತ್ತಿದೆ ಅನ್ನುವ ಚಿಂತೆಯಿಂದ ಯುರೋಪಿನಲ್ಲಿ ಸಿ.ಇ.ಸಿ. ಎಲ್-33 ಅನ್ನುವ ಪರೀಕ್ಷೆ ಹುಟ್ಟಿತು. 21 ದಿನ ಸೂಕ್ಷ್ಮಜೀವಿಗಳ ಜೊತೆ ಬಿಟ್ಟು, ಉಳಿದ ಎಣ್ಣೆಯನ್ನು ದ್ರಾವಕದಿಂದ ಎಳೆದು ಇನ್‌ಫ್ರಾರೆಡ್ ಬೆಳಕಿನಲ್ಲಿ ಅಳೆಯುವುದು. ಅದರಲ್ಲಿ ಸಸ್ಯದ ಎಣ್ಣೆಗಳು ಶೇ 70ರಿಂದ 100, ಖನಿಜ ತೈಲಗಳು ಶೇ 15ರಿಂದ 35ರ ಆಸುಪಾಸು ಬರುತ್ತಿದ್ದವು. ಆದರೆ ಆ ಪರೀಕ್ಷೆಗೆ ಬಳಸುತ್ತಿದ್ದ ದ್ರಾವಕ ಸಿ.ಎಫ್.ಸಿ.-113. ಓಝೋನ್ ಪದರ ತಿನ್ನುತ್ತದೆ ಅಂತ 1987ರ ಮಾಂಟ್ರಿಯಲ್ ಒಪ್ಪಂದ ಅದನ್ನು ನಿಲ್ಲಿಸುವ ಪಟ್ಟಿಗೆ ಸೇರಿಸಿತು. ಅದಕ್ಕಿಂತ ದೊಡ್ಡ ಕೊರತೆ ಇನ್ನೊಂದಿತ್ತು. ಎಣ್ಣೆ ಎಣ್ಣೆಯಾಗಿ ಕಾಣದೆ ಹೋದರೆ ಸಾಕಿತ್ತು. ಅದು ಪೂರ್ತಿ ಜೀರ್ಣವಾಯಿತೋ, ಬೇರೆ ಏನೋ ಆಗಿ ನೀರಿನಲ್ಲಿ ಉಳಿಯಿತೋ ಅನ್ನುವುದಕ್ಕೆ ಅಲ್ಲಿ ಉತ್ತರವಿರಲಿಲ್ಲ.

ಗಾಣದವ: ಪೂರ್ತಿ ಜೀರ್ಣ ಆಯ್ತು ಅಂತ ಹೇಗೆ ಗೊತ್ತಾಗುತ್ತೆ?

ಅಧ್ಯಾಪಕಿ: ತಿಂದವರ ಉಸಿರನ್ನು ಅಳೆದು. ಸುಣ್ಣದ ತಿಳಿನೀರಿಗೆ ಊದಿದರೆ ಹಾಲಿನಂತೆ ಬೆಳ್ಳಗಾಗುವುದನ್ನು ಹೈಸ್ಕೂಲಿನಲ್ಲಿ ನೋಡಿದ್ದೀಯಲ್ಲ, ಒ.ಇ.ಸಿ.ಡಿ. 301ಬಿ ಪರೀಕ್ಷೆಯ ಜೀವಾಳ ಅದೇ. ಖನಿಜ ಲವಣ ಬೆರೆಸಿದ ನೀರಿಗೆ ಮನೆಗಳ ಚರಂಡಿ ನೀರು ಶುದ್ಧೀಕರಿಸುವ ಘಟಕದಿಂದ ತಂದ ಸ್ಲಡ್ಜ್ ಸ್ವಲ್ಪ ಸೇರಿಸುತ್ತಾರೆ. ಸೂಕ್ಷ್ಮಜೀವಿಗಳು ಅಲ್ಲಿಂದ ಬರುತ್ತವೆ. ಅವುಗಳಿಗೆ ಆಹಾರವಾಗಿ ಇಂಗಾಲ ಇರುವ ವಸ್ತು ನಿನ್ನ ಎಣ್ಣೆ ಒಂದೇ, ಅದೂ ಲೀಟರಿಗೆ 10ರಿಂದ 20 ಮಿಲಿಗ್ರಾಂ ಇಂಗಾಲ ಇರುವಷ್ಟು ಮಾತ್ರ. ಕಾರ್ಬನ್ ಡೈಆಕ್ಸೈಡ್ ತೆಗೆದ ಗಾಳಿಯನ್ನು ಹಾಯಿಸುತ್ತಾ, 22 ಡಿಗ್ರಿ ಸುಮಾರಿನಲ್ಲಿ, ಕತ್ತಲಲ್ಲಿ ಅಥವಾ ಮಂದ ಬೆಳಕಿನಲ್ಲಿ 28 ದಿನ ಇಡುತ್ತಾರೆ. ಹೊರಬರುವ ಗಾಳಿಯನ್ನು ಬೇರಿಯಂ ಹೈಡ್ರಾಕ್ಸೈಡ್ ದ್ರಾವಣದ ಮೂಲಕ ಬಿಡುತ್ತಾರೆ. ಕಾರ್ಬನ್ ಡೈಆಕ್ಸೈಡ್ ಅಲ್ಲಿ ಸಿಕ್ಕಿಬೀಳುತ್ತದೆ. ಉಳಿದ ಕ್ಷಾರವನ್ನು ಆಮ್ಲದಿಂದ ಟೈಟ್ರೇಟ್ ಮಾಡಿದರೆ ಲೆಕ್ಕ ಸಿಗುತ್ತದೆ.

ಗಾಣದವ: ಎಷ್ಟು ಬರಬೇಕು ಅಂತ ಮೊದಲೇ ಗೊತ್ತಿರುತ್ತಾ?

ಅಧ್ಯಾಪಕಿ: ನೀನೇ ಲೆಕ್ಕ ಹಾಕು. ಟ್ರೈಓಲಿನ್ ಅಣುವಿನಲ್ಲಿ 57 ಕಾರ್ಬನ್, ಅಣುತೂಕ ಸುಮಾರು 885.

ಗಾಣದವ: 57 ಕಾರ್ಬನ್ನಿಗೆ 57 ಕಾರ್ಬನ್ ಡೈಆಕ್ಸೈಡ್, ಒಂದೊಂದು 44... 2,508. ಅದನ್ನು 885ರಿಂದ ಭಾಗಿಸಿದರೆ 2.83. ಒಂದು ಗ್ರಾಂ ಎಣ್ಣೆ ಪೂರ್ತಿ ಜೀರ್ಣವಾದರೆ 2.83 ಗ್ರಾಂ ಕಾರ್ಬನ್ ಡೈಆಕ್ಸೈಡ್.

ಅಧ್ಯಾಪಕಿ: ಅದರ ಶೇ 60ರಷ್ಟು ಬಂದರೆ ಪಾಸು.

ಗಾಣದವ: ಬರೀ ಅರವತ್ತಾ? ಉಳಿದ ನಲವತ್ತು ಭಾಗ ಎಣ್ಣೆ ಅಲ್ಲೇ ಉಳಿದಿರುತ್ತಲ್ಲ ಮೇಡಂ!

ಅಧ್ಯಾಪಕಿ: ಬೇಗ ಕೊಳೆಯುವ ವಸ್ತುವಿನಲ್ಲಿ ಆ ಪಾಲು ಹೆಚ್ಚಾಗಿ ಎಣ್ಣೆಯಾಗಿ ಉಳಿದಿರುವುದಿಲ್ಲ. ನೀನು ಉಂಡ ಅನ್ನವೆಲ್ಲಾ ಉಸಿರಾಗಿ ಹೊರಗೆ ಹೋಗುವುದಿಲ್ಲವಲ್ಲ. ಬ್ಯಾಕ್ಟೀರಿಯಾ ತಿಂದದ್ದರಲ್ಲಿ ಒಂದು ಪಾಲಿನಿಂದ ತನ್ನ ದೇಹ ಕಟ್ಟಿಕೊಳ್ಳುತ್ತದೆ, ಎರಡಾಗುತ್ತದೆ, ನಾಲ್ಕಾಗುತ್ತದೆ. ಅದಕ್ಕಾಗಿಯೇ ಗೆರೆಯನ್ನು ಅರವತ್ತಕ್ಕೆ ಎಳೆದದ್ದು. ಜೊತೆಗೆ ಇನ್ನೊಂದು ಬಿಗಿ ಇದೆ. ಶುದ್ಧ ವಸ್ತುವಾದರೆ, ಶೇ 10 ಮುಟ್ಟಿದ ದಿನದಿಂದ ಹತ್ತು ದಿನದೊಳಗೆ ಶೇ 60 ದಾಟಬೇಕು. ತೆವಳಿಕೊಂಡು ಹೋಗುವುದಕ್ಕೆ ‘ಸುಲಭವಾಗಿ ಕೊಳೆಯುವ’ ಅನ್ನುವ ಹೆಸರು ಸಿಗುವುದಿಲ್ಲ. ಆ ವಸ್ತುವಿಗೆ ಮೊದಲೇ ಪಳಗಿಸಿದ ಸೂಕ್ಷ್ಮಜೀವಿಗಳನ್ನು ಬಳಸುವಂತೆಯೂ ಇಲ್ಲ.

ಗಾಣದವ: ಆ ಸ್ಲಡ್ಜಿನಲ್ಲಿದ್ದ ಜೀವಿಗಳೇ ಸತ್ತಿದ್ದರೆ? ಒಳ್ಳೆಯ ಎಣ್ಣೆಯೂ ಫೇಲಾಗುತ್ತಲ್ಲ.

ಅಧ್ಯಾಪಕಿ: ಅದಕ್ಕೆ ಪಕ್ಕದಲ್ಲಿ ಇನ್ನೂ ಬಾಟಲಿಗಳು ನಿಂತಿರುತ್ತವೆ. ಒಂದರಲ್ಲಿ ಬರೀ ಸ್ಲಡ್ಜ್, ಅದರ ಸ್ವಂತ ಉಸಿರನ್ನು ಕಳೆಯಲು. ಇನ್ನೊಂದರಲ್ಲಿ ಸೋಡಿಯಂ ಬೆಂಜೋಯೇಟ್‌ನಂಥ ಸುಲಭದ ಆಹಾರ. ಅದು 14 ದಿನದೊಳಗೆ ಶೇ 60 ಮುಟ್ಟದಿದ್ದರೆ ಇಡೀ ಪರೀಕ್ಷೆ ರದ್ದು. ಮೂರನೆಯದರಲ್ಲಿ ಬೆಂಜೋಯೇಟ್ ಮತ್ತು ನಿನ್ನ ಎಣ್ಣೆ ಎರಡೂ. ಹೊಂಗೆಯವನಾದ ನಿನಗೆ ಈ ಮೂರನೆಯ ಬಾಟಲಿ ಬಹಳ ಮುಖ್ಯ.

ಗಾಣದವ: ಯಾಕೆ?

ಅಧ್ಯಾಪಕಿ: ಹೊಂಗೆ ಹಿಂಡಿಯನ್ನು ಗೊಬ್ಬರಕ್ಕೆ ಹಾಕುತ್ತಾರಲ್ಲ, ಅದರ ಸಾರಜನಕ ಒಮ್ಮೆಲೇ ಕೊಚ್ಚಿ ಹೋಗದೆ ನಿಧಾನವಾಗಿ ಸಿಗುತ್ತದೆ. ಅದಕ್ಕೆ ಒಂದು ಕಾರಣ ಹೊಂಗೆಯಲ್ಲಿರುವ ಕರಂಜಿನ್ ಅನ್ನುವ ವಸ್ತು. ಅಮೋನಿಯಾವನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳ ಕೆಲಸವನ್ನು ಅದು ತಡೆಯುತ್ತದೆ. ಕೀಟಗಳಿಗೂ ಅದು ಆಗದು. ಆ ಕರಂಜಿನ್ ನಿನ್ನ ಎಣ್ಣೆಯಲ್ಲೂ ಇದೆ. ಹಾಗಂತ ಎಣ್ಣೆ ತಿನ್ನುವ ಬ್ಯಾಕ್ಟೀರಿಯಾಗಳಿಗೂ ಅದು ತೊಂದರೆ ಅಂತ ಈಗಲೇ ತೀರ್ಮಾನಿಸುವಂತಿಲ್ಲ, ಅವು ಬೇರೆಯೇ ಗುಂಪು. ತೊಂದರೆ ಇಲ್ಲ ಅಂತಲೂ ಊಹಿಸುವಂತಿಲ್ಲ. ಮೂರನೆಯ ಬಾಟಲಿಯಲ್ಲಿ ಬೆಂಜೋಯೇಟ್ ಕೂಡ ಕೊಳೆಯದೆ ನಿಂತರೆ, 14 ದಿನಕ್ಕೆ ಶೇ 25 ಕೂಡ ಮುಟ್ಟದಿದ್ದರೆ, ನಿನ್ನ ಎಣ್ಣೆ ಜೀವಿಗಳ ಕೈ ಕಟ್ಟುತ್ತಿದೆ ಅಂತ ಅರ್ಥ. ಇದಲ್ಲದೆ ಪಾಚಿ, ನೀರುಚಿಗಟ, ಮೀನುಗಳ ಮೇಲಿನ ವಿಷ ಪರೀಕ್ಷೆಗಳು ಬೇರೆ: ಒ.ಇ.ಸಿ.ಡಿ. 201, 202, 203. ಗಿಡ ತನ್ನ ರಕ್ಷಣೆಗೆ ಮಾಡಿಕೊಂಡ ವಿಷವೂ ವಿಷವೇ.

ಗಾಣದವ: ನಾನು ಬೆರೆಸುವ ಅಂಟಿನ ಪಾಲಿಮರ್ ಸ್ವಲ್ಪವೇ. ಒಟ್ಟು ಮಿಶ್ರಣ ಅರವತ್ತು ದಾಟಿದರೆ ಅದೂ ದಾಟಿದ ಹಾಗೆ ಅಲ್ಲವಾ?

ಅಧ್ಯಾಪಕಿ: ಅಲ್ಲಿಯೇ ಮೋಸ ಅಡಗಿರುವುದು. ಈ ಪರೀಕ್ಷೆಗಳನ್ನು ರೂಪಿಸಿದ್ದು ಶುದ್ಧ ವಸ್ತುಗಳಿಗೆ. ನೂರರಲ್ಲಿ ತೊಂಬತ್ತೇಳು ಪಾಲು ಹೊಂಗೆ ಚೆನ್ನಾಗಿ ಕೊಳೆತು ಒಟ್ಟು ಅಂಕ ಗೆಲ್ಲಿಸುತ್ತದೆ. ಉಳಿದ ಮೂರು ಪಾಲು ಅಂಟು, ಅಂದರೆ ಪಾಲಿಐಸೋಬ್ಯೂಟಿಲೀನ್‌ನಂಥ ಪಾಲಿಮರ್, ಹಾಗೇ ಮಣ್ಣಿನಲ್ಲಿ ಉಳಿಯುತ್ತದೆ. ವರ್ಷವರ್ಷ ಅದೇ ತೋಟಕ್ಕೆ ಬಿದ್ದರೆ ಆ ಮೂರು ಪಾಲು ಮಾತ್ರ ಸೇರುತ್ತಾ ಹೋಗುತ್ತದೆ. ಐರೋಪ್ಯ ಪರಿಸರ ಮುದ್ರೆ ಬೆರೆಸಿದ ವಸ್ತುಗಳನ್ನು ಬಿಡಿಬಿಡಿಯಾಗಿ ಪರಿಶೀಲಿಸುವುದು ಇದಕ್ಕೇ. ನಿನ್ನ ಅಂಟು, ನಿನ್ನ ಸವೆತ ನಿರೋಧಕ ಯಾವುದು ಅಂತ ಕೊಟ್ಟವನನ್ನು ಕೇಳಿ ಬರೆಸಿಕೊ. ಸತು ಇರುವ ಎಂಜಿನ್ ಎಣ್ಣೆಯ ಸವೆತ ನಿರೋಧಕಗಳು ಜಲಚರಗಳಿಗೆ ಹಾನಿಕರ, ಅವನ್ನು ಮುಟ್ಟಬೇಡ.

ಗಾಣದವ: ಈಗ ನನ್ನ ಮೊದಲ ಸಂಶಯ ಇನ್ನೂ ಗಟ್ಟಿಯಾಯ್ತು. ಆಂಟಿಆಕ್ಸಿಡೆಂಟ್ ಹಾಕಿ ಕೆಡದ ಹಾಗೆ ಮಾಡಿದ ಎಣ್ಣೆಯನ್ನು ಬ್ಯಾಕ್ಟೀರಿಯಾ ತಿನ್ನುತ್ತಾ?

ಅಧ್ಯಾಪಕಿ: ಆಂಟಿಆಕ್ಸಿಡೆಂಟ್ ಮಾಡುವುದು ಏನು? ದ್ವಿಬಂಧದ ಪಕ್ಕ ಶುರುವಾದ ರ್‍ಯಾಡಿಕಲ್‌ಗಳ ಸಾಲಿಗೆ ತನ್ನ ಹೈಡ್ರೋಜನ್ ಕೊಟ್ಟು ನಿಲ್ಲಿಸುವುದು. ಬ್ಯಾಕ್ಟೀರಿಯಾ ಬರುವುದು ಆ ದಾರಿಯಲ್ಲಲ್ಲ. ಅದು ಲೈಪೇಸ್ ಕಿಣ್ವದಿಂದ, ನೀರಿನ ನೆರವಿನಿಂದ ಎಸ್ಟರ್ ಬಂಧ ಸೀಳುತ್ತದೆ. ಬಿಡಿಯಾದ ಕೊಬ್ಬಿನ ಆಮ್ಲವನ್ನು ತುದಿಯಿಂದ ಎರಡೆರಡು ಕಾರ್ಬನ್ ಕತ್ತರಿಸುತ್ತಾ ತಿಂದು ಮುಗಿಸುತ್ತದೆ. ಖನಿಜ ತೈಲದಲ್ಲಿ ಆ ಎಸ್ಟರ್ ಹಿಡಿಕೆಯೇ ಇಲ್ಲ, ಕವಲೊಡೆದ ಸರಪಳಿ, ವಲಯಗಳು ಹೆಚ್ಚು. ಅದು ನಿಧಾನವಾಗುವುದು ಅದಕ್ಕೇ. ಆದ್ದರಿಂದ ಓಲಿಯಿಕ್ ಹೆಚ್ಚಿಸಿ, ಲಿನೋಲಿಯಿಕ್ ಇಳಿಸಿ, ಗಾಳಿಯ ಬಾಗಿಲು ಭದ್ರ ಮಾಡಿದರೂ ಜೀವಿಗಳ ಬಾಗಿಲು ತೆರೆದೇ ಇರುತ್ತದೆ. ರಸಾಯನಶಾಸ್ತ್ರಜ್ಞರು ಗ್ಲಿಸರಾಲ್ ತೆಗೆದು ಅದರ ಜಾಗಕ್ಕೆ ಟ್ರೈಮಿಥೈಲಾಲ್‌ಪ್ರೊಪೇನ್ ಕೂರಿಸಿ ಮಾಡಿದ ಎಸ್ಟರ್‌ಗಳು ಬಿಸಿಯನ್ನು ಇನ್ನೂ ಚೆನ್ನಾಗಿ ತಡೆಯುತ್ತವೆ. ಓಲಿಯಿಕ್ ಆಮ್ಲದಿಂದ ಮಾಡಿದ ಅಂಥ ಎಸ್ಟರ್‌ಗಳು ಸುಲಭವಾಗಿ ಕೊಳೆಯುತ್ತವೆ ಕೂಡ.

ಗಾಣದವ: ಅಂದರೆ ಜಗಳವೇ ಇಲ್ಲ.

ಅಧ್ಯಾಪಕಿ: ಒಂದು ಕಡೆ ನಿಜವಾದ ಜಗಳ ಇದೆ, ಅದನ್ನು ಮುಚ್ಚಿಡಬಾರದು. ನೀರು ಮತ್ತು ಬ್ಯಾಕ್ಟೀರಿಯಾ ಎರಡೂ ಹಿಡಿಯುವುದು ಎಸ್ಟರ್ ಬಂಧವನ್ನೇ. ನೀರು ಸೀಳದ ಹಾಗೆ ಸುತ್ತ ಕವಲುಗಳನ್ನು ಬೆಳೆಸಿದರೆ ಲೈಪೇಸಿಗೂ ಜಾಗ ಸಿಗದೆ ಹೋಗಬಹುದು. ಇಲ್ಲಿ ಅಣುವನ್ನು ಬದಲಿಸುವುದಕ್ಕಿಂತ ನೀರನ್ನು ದೂರ ಇಡುವುದು ಜಾಣತನ. ಬೀಜ ಒಣಗಿಸು, ಎಣ್ಣೆಯ ತೇವ ತೆಗೆ, ಡಬ್ಬಿಯನ್ನು ತುಂಬಿಸಿ ಬಿಗಿಯಾಗಿ ಮುಚ್ಚು. ರಸಾಯನದಿಂದ ಗೆಲ್ಲಲಾಗದ್ದನ್ನು ಅಚ್ಚುಕಟ್ಟಿನಿಂದ ಗೆಲ್ಲಬಹುದು.

ಗಾಣದವ: ಇಷ್ಟೆಲ್ಲಾ ಪಾಸಾದರೆ, ಹಳ್ಳದ ಪಕ್ಕ ಚೆಲ್ಲಿದರೂ ಪರವಾಗಿಲ್ಲ ಅಂತ ಧೈರ್ಯವಾಗಿ ಹೇಳಬಹುದಾ?

ಅಧ್ಯಾಪಕಿ: ಆ ಮಾತು ಯಾವತ್ತೂ ಹೇಳಬೇಡ. ಇನ್ನೊಂದು ಲೆಕ್ಕ ಹಾಕು. ಒಂದು ಟ್ರೈಓಲಿನ್ ಅಣು ಪೂರ್ತಿ ಜೀರ್ಣವಾಗಲು 80 ಅಣು ಆಮ್ಲಜನಕ ಬೇಕು.

ಗಾಣದವ: 80 ಇಂಟು 32... 2,560. ಭಾಗಿಸು 885. ಒಂದು ಗ್ರಾಂ ಎಣ್ಣೆಗೆ ಸುಮಾರು 2.9 ಗ್ರಾಂ ಆಮ್ಲಜನಕ.

ಅಧ್ಯಾಪಕಿ: ನಮ್ಮ ಹವೆಯಲ್ಲಿ ಒಂದು ಲೀಟರ್ ಹಳ್ಳದ ನೀರಿನಲ್ಲಿ ಕರಗಿರುವ ಆಮ್ಲಜನಕ ಸುಮಾರು 8 ಮಿಲಿಗ್ರಾಂ. ಅಂದರೆ ಒಂದು ಗ್ರಾಂ ಎಣ್ಣೆ ಪೂರ್ತಿ ಕೊಳೆಯಲು ಹತ್ತಿರ ಹತ್ತಿರ 360 ಲೀಟರ್ ನೀರಿನ ಆಮ್ಲಜನಕ ಬೇಕು. ಒಂದು ಡಬ್ಬಿ ಪೂರ್ತಿ ಹಳ್ಳಕ್ಕೆ ಚೆಲ್ಲಿದರೆ ಮೀನಿಗೆ ಉಸಿರೇ ಉಳಿಯುವುದಿಲ್ಲ. ಬೇಗ ಕೊಳೆಯುವ ಗುಣವೇ ಅಲ್ಲಿ ಅಪಾಯ. ಅಮೆರಿಕದಲ್ಲಿ ಖಾದ್ಯ ತೈಲ ಚೆಲ್ಲಿದರೂ ತೈಲ ಸೋರಿಕೆಯ ನಿಯಮಗಳೇ ಅನ್ವಯವಾಗುತ್ತವೆ. ಗಾಳಿಯಾಡದ ಕೆರೆಯ ಹೂಳಿನಲ್ಲಿ ಕೊಳೆಯುವುದಂತೂ ಬೇರೆಯೇ ವಿಷಯ, 301ಬಿ ಅದರ ಬಗ್ಗೆ ಏನೂ ಹೇಳುವುದಿಲ್ಲ. ಪರೀಕ್ಷೆ ಪಾಸಾದ ಎಣ್ಣೆ ತಪ್ಪಿ ಬಿದ್ದ ಹನಿಯನ್ನು ಕ್ಷಮಿಸುತ್ತದೆ. ಬೇಕೆಂದು ಸುರಿದದ್ದನ್ನಲ್ಲ.

ಗಾಣದವ: ಹಾಗಾದರೆ ಡಬ್ಬಿಯ ಮೇಲೆ ಏನು ಬರೆಯಲಿ? ‘ಪರಿಸರಸ್ನೇಹಿ’ ಅಂತ ಎಲ್ಲರೂ ಬರೀತಾರೆ.

ಅಧ್ಯಾಪಕಿ: ಎಲ್ಲರೂ ಬರೆಯುವುದರಿಂದಲೇ ನೀನು ಬರೆಯಬೇಡ. ಯಾವ ಪರೀಕ್ಷೆ, ಎಷ್ಟು ದಿನ, ಶೇಕಡಾ ಎಷ್ಟು, ಪರೀಕ್ಷಿಸಿದ್ದು ಮೂಲ ಎಣ್ಣೆಯನ್ನೋ ಬೆರೆಸಿದ ಮೇಲಿನದನ್ನೋ, ಇಷ್ಟು ಬರೆ. ತಯಾರಾದ ತಿಂಗಳು, ಎಷ್ಟು ತಿಂಗಳೊಳಗೆ ಬಳಸಬೇಕು ಅನ್ನುವುದನ್ನೂ ಬರೆ. ಮಿಷನ್ ಮೂಲೆಗಿಡುವ ಮೊದಲು ಚೈನು ಒರೆಸಿ ಟ್ಯಾಂಕ್ ಖಾಲಿ ಮಾಡಿ ಅಂತ ಸೇರಿಸು. ತೋಟದವನಿಗೆ ಉಪಯೋಗಕ್ಕೆ ಬರುವ ಮಾತು ಅದು.

ಗಾಣದವ: ದುಡ್ಡು ಮೇಡಂ? ಇಷ್ಟೊಂದು ಪರೀಕ್ಷೆ ದೊಡ್ಡ ಕಂಪನಿಗಳಿಗೆ ಸರಿ. ನನ್ನಂಥ ಗಾಣದವನಿಗೆ ಇದೇ ಒಂದು ಬೇಲಿ ಆಗುತ್ತೆ.

ಅಧ್ಯಾಪಕಿ: ಆ ಮಾತಿನಲ್ಲಿ ನ್ಯಾಯ ಇದೆ. ಅದಕ್ಕೆ ಹಂತ ಹಂತವಾಗಿ ಹೋಗು. ಆಮ್ಲ ಮೌಲ್ಯ, ಪೆರಾಕ್ಸೈಡ್, ದ್ವಿಬಂಧಗಳ ಲೆಕ್ಕ ಕೊಡುವ ಅಯೋಡಿನ್ ಮೌಲ್ಯ, ತಾಮ್ರದ ಪಟ್ಟಿ, ತೆಳು ಪೊರೆ, ಇವೆಲ್ಲಾ ಯಾವ ಬಿ.ಎಸ್‌ಸಿ. ಲ್ಯಾಬಿನಲ್ಲೂ ಆಗುತ್ತವೆ. ಮುಚ್ಚಿದ ಜಾಡಿಯಲ್ಲಿ ತೋಟದ ಮಣ್ಣು, ಅದಕ್ಕೆ ಅಳೆದ ಎಣ್ಣೆ, ಒಳಗೆ ಒಂದು ಬಟ್ಟಲು ಕಾಸ್ಟಿಕ್ ಸೋಡಾ ದ್ರಾವಣ. ಪಕ್ಕದಲ್ಲಿ ಎಣ್ಣೆ ಹಾಕದ ಮಣ್ಣಿನ ಜಾಡಿ. ವಾರ ವಾರ ಟೈಟ್ರೇಷನ್ ಮಾಡಿದರೆ ಯಾವ ಮಿಶ್ರಣ ಮುಂದೆ, ಯಾವುದು ಹಿಂದೆ ಅಂತ ಗೊತ್ತಾಗುತ್ತದೆ. ಇದು 301ಬಿ ಅಲ್ಲ, ಆ ಹೆಸರು ಹೇಳುವಂತಿಲ್ಲ. ಆದರೆ ಹತ್ತು ಮಿಶ್ರಣಗಳಲ್ಲಿ ಎಂಟನ್ನು ಅಲ್ಲೇ ಕೈಬಿಟ್ಟರೆ ದುಬಾರಿ ಪರೀಕ್ಷೆಗೆ ಎರಡೇ ಉಳಿಯುತ್ತವೆ. ಸವೆತ ನೋಡುವ ನಾಲ್ಕು ಉಕ್ಕಿನ ಗುಂಡಿನ ಪರೀಕ್ಷೆಗೆ ನೀನು ದೂರ ಹೋಗಬೇಕಿಲ್ಲ. ಅಂಥ ಯಂತ್ರಗಳನ್ನು ತಯಾರಿಸುವ ಡುಕಾಮ್ ಕಂಪನಿ ಬೆಂಗಳೂರಿನದೇ. ಹಾಸನದ ಮಡೆನೂರಿನಲ್ಲಿ ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಉದ್ಯಾನ ಇದೆ, ಅಲ್ಲಿಯೂ ಕೇಳಿ ನೋಡು. ಹೊಂಗೆ ಬೀಜ ಆರಿಸುವ ರೈತನಿಂದ ಹಿಡಿದು ನಿನ್ನವರೆಗೆ ಎಲ್ಲರಿಗೂ ಬೇಕಾದ ಪರೀಕ್ಷೆಯನ್ನು ಸಾರ್ವಜನಿಕ ಸಂಸ್ಥೆಗಳು ಕೈಗೆಟಕುವ ದರದಲ್ಲಿ ಮಾಡಿಕೊಡಬೇಕು. ಹೊಂಗೆ ಮರ ನೆಡಿ ಅಂತ ಹೇಳಿದವರು ಎಣ್ಣೆ ಪರೀಕ್ಷಿಸುವ ಹೊಣೆಯನ್ನೂ ಹಂಚಿಕೊಳ್ಳಬೇಕು. ಅದನ್ನು ನೀನೊಬ್ಬನೇ ಕೇಳಬೇಡ, ನಿನ್ನಂಥ ಗಾಣದವರೆಲ್ಲಾ ಒಟ್ಟಾಗಿ ಕೇಳಿ.

ಗಾಣದವ: ಕೊನೆಗೆ ಲ್ಯಾಬಿಗೆ ಕಳಿಸುವಾಗ ಯಾವುದನ್ನು ಕಳಿಸಲಿ? ಗಾಣದಿಂದ ಆಗಷ್ಟೇ ಇಳಿದ ತಿಳಿ ಎಣ್ಣೆ ಇದೆ.

ಅಧ್ಯಾಪಕಿ: ಅದು ನಿನ್ನ ಅತ್ಯುತ್ತಮ ಎಣ್ಣೆ. ತೋಟದ ಮಣ್ಣಿಗೆ ಬೀಳುವುದು ಅಂಗಡಿಯ ಕಪಾಟಿನಲ್ಲಿ ಕೂತು ಬಂದದ್ದು. ಉತ್ಕರ್ಷಣಗೊಂಡು ಹೆಣೆದುಕೊಂಡ ಎಣ್ಣೆ ತಾಜಾ ಎಣ್ಣೆಯಷ್ಟು ಸುಲಭವಾಗಿ ಕೊಳೆಯದೆ ಹೋಗಬಹುದು. ಸ್ಥಿರತೆ ಮತ್ತು ಕೊಳೆಯುವಿಕೆ ಬೇರೆ ಬೇರೆ ಬಾಗಿಲುಗಳೇ ಆದರೂ, ಒಂದನ್ನು ಕಾಯದಿದ್ದರೆ ಇನ್ನೊಂದಕ್ಕೂ ಪೆಟ್ಟು.

ಗಾಣದವ: ಹಾಗಾದರೆ ಎಲ್ಲಾ ಬೆರೆಸಿದ ಮೇಲಿನ ಎಣ್ಣೆಯದೇ ಎರಡು ಡಬ್ಬಿ ಕಳಿಸ್ತೀನಿ. ಒಂದು ಈ ವಾರದ್ದು, ಇನ್ನೊಂದು ಒಂದು ಮಳೆಗಾಲ ಕಳೆದದ್ದು. ಎರಡೂ ಪಾಸಾದರೆ ಮಾತ್ರ ಮಾರ್ತೀನಿ.

ಅಧ್ಯಾಪಕಿ: ಹೊಸದು ಪಾಸಾಗಿ ಹಳೆಯದು ಬಿದ್ದರೆ ಬೀಜ ಒಣಗಿಸುವುದನ್ನೂ ಆಂಟಿಆಕ್ಸಿಡೆಂಟನ್ನೂ ಸರಿಪಡಿಸು. ಎರಡೂ ಬಿದ್ದರೆ ಬೆರೆಸಿದ ವಸ್ತುಗಳನ್ನು ಒಂದೊಂದಾಗಿ ತೆಗೆದು ಮತ್ತೆ ಪರೀಕ್ಷಿಸು. ಎರಡೂ ಪಾಸಾದರೆ ಆ ವರದಿಯ ನಕಲನ್ನು ಕೇಳಿದ ಪ್ರತಿ ತೋಟದವನಿಗೂ ಕೊಡು. ನಿನ್ನ ಪಕ್ಕದ ಗಾಣದವನಿಗೂ ಕೊಡು.